ಹತ್ತೊಂಬತ್ತನೆಯ ಮಹಡಿಯ ಬಿಸಿಲು

ಕೆಂಪು, ಅಷ್ಟು ಮೇಲೆ ಏನೋ ಕೆಂಪು, ಕಟ್ಟಡದ ಗಾಜೆಲ್ಲ ಬಿಸಿಲಿಗೆ ಬೆಳ್ಳಗೆ ಉರಿಯುವಾಗ ಒಂದೇ ಒಂದು ಕಡೆ ಕೆಂಪು — ಗಾಳಿಪಟ ಇರಬಹುದು, ದಾರ ಕಿತ್ತುಕೊಂಡು ಬಂದು ಸಿಕ್ಕಿಕೊಂಡಿರಬಹುದು, ಆದರೆ ಗಾಳಿಪಟ ಹೀಗೆ ಭಾರವಾಗಿ ಅಲುಗುವುದಿಲ್ಲ, ಕೆಳಗಿನಿಂದ ಮಹಡಿ ಎಣಿಸುತ್ತೇನೆ, ಕಣ್ಣಿಗೆ ಕತ್ತಲೆ ಕಟ್ಟುತ್ತದೆ, ಮತ್ತೆ ಎಣಿಸುತ್ತೇನೆ, ಹತ್ತೊಂಬತ್ತು, ಗಿರಾಕಿಗಳಿಗೆ ನಾವು ತೋರಿಸುವ ಮಾದರಿ ಮನೆಯ ಬಾಲ್ಕನಿ, ಅಮ್ಮನ ರಗ್ಗು. ಕಂಬಿ ಮೇಲೆ ಏನೂ ಹಾಕ್ಬೇಡ ಅಂದಿದ್ದೆ, ಸುಮ್ನೆ ಬಿಸಿಲಲ್ಲಿ ಕೂತಿರು, ಏನೂ ಮುಟ್ಬೇಡ, ನಾನೇ ಬಂದು ಕರ್ಕೊಂಡು ಹೋಗ್ತೀನಿ, ಆಯ್ತು ಪುಟ್ಟಿ ನಾನೇನು ಮಗುನಾ ಅಂದಳು, ಅಂದವಳ ಕೈಚೀಲ ಬಸುರಿಯ ಹಾಗೆ ಉಬ್ಬಿತ್ತು, ಅದರಲ್ಲೇನಿದೆ ಎಂದು ಕೇಳಲಿಲ್ಲ, ನಾನೊಬ್ಬಳು ದಡ್ಡಿ. ಮಧ್ಯಾಹ್ನ ಬರಬೇಕಿದ್ದ ಗಿರಾಕಿ ಗಂಡಹೆಂಡತಿ ಈಗಲೇ ಕಾರಿನಿಂದ ಇಳಿಯುತ್ತಿದ್ದಾರೆ, ಗಂಡ ಕತ್ತು ಎತ್ತಿ ಕಟ್ಟಡವನ್ನು ಬುಡದಿಂದ ತುದಿಗೆ ನೋಡುತ್ತಿದ್ದಾನೆ, ನೋಡಬೇಡಿ ಸರ್, ಇತ್ತ ಬನ್ನಿ, ಈ ಕಾರಂಜಿ ನೋಡಿ, ಹೆಂಡತಿ ಕಪ್ಪು ಕನ್ನಡಕದೊಳಗಿಂದ ಎತ್ತ ನೋಡುತ್ತಾಳೋ ದೇವರೇ ಬಲ್ಲ. ಫೋನಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ, ಈಜುಕೊಳ ಅಲ್ಲ, ಸಮುದ್ರ ಅಲ್ಲ, ಬಾಲ್ಕನೀಲಿ ಬಟ್ಟೆ ಒಣಗಿಸೋ ಜನ ಇಲ್ಲ ತಾನೇ, ನಮ್ಮ ಈಗಿನ ಬಿಲ್ಡಿಂಗು ನೋಡಿದ್ರೆ ಧೋಬಿಘಾಟ್ ಇದ್ದಂಗಿದೆ, ನಂಗೆ ಸಾಕಾಗಿಹೋಗಿದೆ, ನಾನು ನಕ್ಕು ಹೇಳಿದ್ದೆ, ಒಂದು ಕರ್ಚೀಫೂ ಕಾಣ್ಸಲ್ಲ ಮೇಡಂ.

ಗಮ್ಮೆಂದು ವಾಸನೆ, ಅಂದರೆ ಸೆಂಟು ಸಾಹೇಬರು ಬಂದರು, ನಮ್ಮ ಮ್ಯಾನೇಜರು, ಮೊದಲು ಸೆಂಟು ಬರುತ್ತದೆ, ಆಮೇಲೆ ಹೊಟ್ಟೆ, ಆಮೇಲೆ ಅವರು, ಆಫೀಸಿನಲ್ಲಿ ನಾವೆಲ್ಲ ಇಟ್ಟ ಹೆಸರು. ನಾನೂ ಬರ್ತೀನಿ ನಡೀರಿ, ಇವರು ನಮ್ಮ ವಿಐಪಿ ಗೆಸ್ಟು, ಎನ್ನುತ್ತಾರೆ, ಬೇಡ ಸರ್ ಬಿಸಿಲು, ನಾನೇ ತೋರಿಸ್ತೀನಿ, ಬಿಸಿಲೇ ಅಲ್ವೇನ್ರೀ ನಾವು ಮಾರೋದು, ಗಂಡ ಹೆಂಡತಿ ಇಬ್ಬರೂ ನಗುತ್ತಾರೆ, ನಾನೂ ನಗುತ್ತೇನೆ, ಇನ್ನೇನು ಮಾಡಲಿ. ಇದೇ ಜೋಕನ್ನು ಅಮ್ಮನೂ ಮಾಡಿದ್ದಳು, ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಮನೇಲಿ ತೇವ ಜಾಸ್ತಿ ಇದೆ, ಹಾಸಿಗೆ ಹೊದಿಕೆ ಬಿಸಿಲಿಗೆ ಹಾಕಿ, ನೀವೂ ಬಿಸಿಲಲ್ಲಿ ಕೂತ್ಕೊಳಿ ಅಂದಾಗ, ಬಿಸಿಲು ಯಾವ ಅಂಗಡೀಲಿ ಸಿಗುತ್ತೆ ಡಾಕ್ಟ್ರೇ, ನಮ್ ಪುಟ್ಟಿ ಮಾರ್ತಾಳಂತೆ, ಅವಳನ್ನೇ ಕೇಳ್ಬೇಕು ಎಂದು ಕೆಮ್ಮುತ್ತ ನಕ್ಕಳು. ಈ ಕಟ್ಟಡ ಎದ್ದಾಗಿನಿಂದ ಹಿಂದಿನ ನಮ್ಮ ಓಣಿಗೆ ಬೆಳಿಗ್ಗೆ ಇದರ ನೆರಳು, ಮಧ್ಯಾಹ್ನದ ಮೇಲೆ ಆಚೆ ಎದ್ದಿರುವ ಇದರ ತಮ್ಮನ ನೆರಳು, ಗೋಡೆಗೆ ಬೆನ್ನು ಕೊಟ್ಟರೆ ಅಂಗಿ ಒದ್ದೆ, ಒಗೆದ ಬಟ್ಟೆ ಒಣಗುವ ಮೊದಲೇ ಮುಗ್ಗುತ್ತದೆ, ರಗ್ಗಂತೂ ಅಪ್ಪ ಹಡಗಿನ ಕೆಲಸದಿಂದ ತಂದದ್ದು, ತೇವ ಕುಡಿದು ಕುಡಿದು ಒಂದು ಮಗುವಿನಷ್ಟು ತೂಕ. ಅದಕ್ಕೇ ಕರೆತಂದೆ, ಆಫೀಸು ತೆರೆಯುವ ಮೊದಲು, ಕೆಲಸದವರ ಲಿಫ್ಟಿನಲ್ಲಿ, ಸ್ವಲ್ಪ ಹೊತ್ತು ಕೂತು ಹೋಗಲಿ ಎಂದು. ನನಗಿಂತ ಮೊದಲು ಈ ಕೆಲಸದಲ್ಲಿದ್ದ ಹುಡುಗಿಯನ್ನು ತೆಗೆದುಹಾಕಿದ್ದು ಆ ಮನೆಯ ಸೋಫಾದ ಮೇಲೆ ಕೂತು ಬ್ರೆಡ್ಡು ತಿಂದದ್ದಕ್ಕೆ, ಬರೀ ಬ್ರೆಡ್ಡಿಗೆ, ನಾನು ಅಮ್ಮನನ್ನೇ ಕೂರಿಸಿದ್ದೇನೆ. ಈ ಮನೆ ಮಾರಾಟವಾದರೆ ನಿಮ್ಮ ಕೆಲಸ ಕಾಯಂ ಎಂದಿದ್ದಾರೆ ಸಾಹೇಬರು, ಕಾಯಂ ಆದವರಿಗೆ ಬೀಚ್ ರಸ್ತೆಯಲ್ಲಿ ನೌಕರರ ಕೋಣೆ, ಕಿಟಕಿ ಪೂರ್ವಕ್ಕೆ, ನೋಡಿ ಬಂದಿದ್ದೇನೆ, ನೆಲದ ಮೇಲೆ ಚಾಪೆಯಷ್ಟು ಬಿಸಿಲು ಬೀಳುತ್ತದೆ, ಅಷ್ಟು ಸಾಕು, ಅಮ್ಮನ ಎದೆ ಸರಿಹೋಗುತ್ತದೆ — ಇನ್ನೊಂದು ವಾರ ತಡೆದುಕೊಳ್ಳಬಾರದಿತ್ತೇ ಅಮ್ಮ, ನಾನಾದರೂ ತಡೆದುಕೊಳ್ಳಬಾರದಿತ್ತೇ.

ಲಿಫ್ಟು ಏರುತ್ತಿದೆ, ಕಿವಿ ಮುಚ್ಚಿಕೊಳ್ಳುತ್ತದೆ, ಕನ್ನಡಿಯಲ್ಲಿ ನನ್ನ ಮುಖ ಒಂದಕ್ಕೆ ನಾಲ್ಕಾಗಿ ಬೆವರುತ್ತಿದೆ, ಬೆನ್ನ ಹಿಂದೆ ಕೈಯಿಟ್ಟು ಅಮ್ಮನಿಗೆ ಮತ್ತೆ ಫೋನು ಒತ್ತುತ್ತೇನೆ, ಕರೆ ಹೋಗುವುದೇ ಇಲ್ಲ, ಬ್ಯಾಟರಿ ಉಳಿಸಲು ಫೋನನ್ನು ಆರಿಸಿಡುವ ಹೆಂಗಸು ಲೋಕದಲ್ಲಿ ಅವಳೊಬ್ಬಳೇ, ಇದೆಯೇನ್ರೀ ಗಾಳಿ ಮೇಲೆ ಎಂದು ಗಂಡ ಕೇಳುತ್ತಾನೆ, ತುಂಬಾ ಸರ್, ಬಾಯಿ ತಾನಾಗಿ ಹೇಳುತ್ತದೆ, ಗಾಳಿಗೆ ರಗ್ಗಾದರೂ ಹಾರಿ ಸಮುದ್ರಕ್ಕೆ ಬೀಳಬಾರದೇ. ಬಾಗಿಲು. ಕೀಲಿ ಕೈಯಲ್ಲಿ ಜಾರುತ್ತದೆ, ಬೇಕೆಂದೇ ಸದ್ದು ಮಾಡುತ್ತೇನೆ, ಬೇಕೆಂದೇ ಜೋರಾಗಿ, ಬನ್ನಿ ಮೇಡಂ, ಬನ್ನಿ ಸರ್, ಒಳಗೆ ಬನ್ನಿ. ಯಾರೂ ಇಲ್ಲ. ಹಾಲ್ ಖಾಲಿ. ಒಳಬಾಗಿಲುಗಳನ್ನೆಲ್ಲ ನಾವೇ ಕಳಚಿಟ್ಟಿದ್ದೇವೆ, ಬಾಗಿಲಿಲ್ಲದಿದ್ದರೆ ಕೋಣೆ ದೊಡ್ಡದಾಗಿ ಕಾಣುತ್ತದೆ, ಮಂಚ ಮುಕ್ಕಾಲು ಅಳತೆಯದು, ಟೀವಿ ರಟ್ಟಿನದು, ಹಣ್ಣಿನ ಬಟ್ಟಲಿನ ಸೇಬು ಮೇಣದ್ದು, ಸೇಬಿನ ಮೇಲೆ ಹಲ್ಲಿನ ಗುರುತು, ಥೂ, ಏನೂ ಮುಟ್ಟಬೇಡ ಎಂದರೆ ಕಚ್ಚಿಯೇ ನೋಡಿದ್ದಾಳೆ, ಗುರುತನ್ನು ಗೋಡೆಯ ಕಡೆ ತಿರುಗಿಸುತ್ತೇನೆ, ನಗು ಬರುತ್ತಿದೆ, ಇಂಥ ಹೊತ್ತಿನಲ್ಲಿ ನಗು. ಹೋದಳೇ, ಹೋಗಿರಬೇಕು — ಮೂಲೆ ಮನೆ ಮೇಡಂ, ಬಾಲ್ಕನಿ ಎರಡೂ ಕಡೆ ಸುತ್ತುತ್ತೆ, ಎನ್ನುತ್ತಿದ್ದಾರೆ ಸಾಹೇಬರು, ಪರದೆ ಸರಿಸಿಬಿಟ್ಟರು.

ಕೆಂಪು. ಇಡೀ ಸಮುದ್ರದ ಎದುರು ಕಂಬಿಯ ಉದ್ದಕ್ಕೂ ಕೆಂಪು, ಬಿಸಿ ಉಣ್ಣೆಯ ವಾಸನೆ ಸೆಂಟನ್ನೂ ದಾಟಿ ಮೂಗಿಗೆ ಬಂತು, ನಮ್ಮ ಮನೆಯ ವಾಸನೆ, ಆದರೆ ಒಣಗಿದ್ದು, ಎಷ್ಟು ವರ್ಷವಾಗಿತ್ತು. ಹೆಂಡತಿ ಕನ್ನಡಕ ತೆಗೆದಳು. ಏನ್ರೀ ಇದು. ಯಾರದ್ರೀ ಇದು, ಸಾಹೇಬರು ನನ್ನನ್ನು ನೋಡುತ್ತಾರೆ, ಹೇಳು, ನಂದು ಅನ್ನು, ನಮ್ಮಮ್ಮಂದು ಅನ್ನು, ಗೊತ್ತಿಲ್ಲ ಸರ್, ಯಾರೋ ಕೆಲಸದವರದ್ದು ಇರ್ಬೇಕು. ಅಷ್ಟರಲ್ಲಿ ಬಚ್ಚಲಮನೆಯಲ್ಲಿ ಕೆಮ್ಮು. ಇಡೀ ಮನೆಯಲ್ಲಿ ಬಾಗಿಲು ಉಳಿದದ್ದು ಬಚ್ಚಲಿಗೊಂದೇ, ಅದರ ಹಿಂದೆ ತಡೆಯಲು ನೋಡಿ ತಡೆಯಲಾಗದ ಕೆಮ್ಮು, ಎಲ್ಲರೂ ಆ ಕಡೆ ತಿರುಗಿದರು, ಚಿಲಕ ಸರಿಯಿತು, ಅಮ್ಮ ಬಂದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದಿದ್ದಾಳೆ, ಅದರಿಂದಲೇ ಬಾಗಿಲ ಹಿಡಿಯನ್ನು ಒರೆಸುತ್ತ, ನನ್ನ ಮುಖ ನೋಡದೆ, ಕನ್ನಡಿ ಒರೆಸಿ ಆಯ್ತು ಮೇಡಂ. ಮೇಡಂ. ನನಗೆ. ರಗ್ಗು ನಂದೇ ಸಾರ್, ಬಿಸಿಲು ಚೆನ್ನಾಗಿತ್ತು ಅಂತ ಹಾಕ್ಬಿಟ್ಟೆ, ತಪ್ಪಾಯ್ತು. ನಿಮ್ಮನೆ ಅಂದ್ಕೊಂಡ್ರಾ ಇದು, ಎಂದಳು ಹೆಂಡತಿ, ಅಯ್ಯೋ ಎಲ್ಲಾದ್ರೂ ಉಂಟಾ ತಾಯಿ, ನಮ್ಮನೇಲಿ ಸೇಬು ತಿನ್ನೋಕೆ ಬರುತ್ತೆ, ಅಂದುಬಿಟ್ಟಳು ಅಮ್ಮ, ಅವಳ ಬಾಯಿ ಸುಮ್ಮನಿರುವುದೇ ಇಲ್ಲ, ಯಾರಿಗೂ ಅರ್ಥವಾಗಲಿಲ್ಲ, ನನಗೆ ಮಾತ್ರ. ಸಾಹೇಬರು ಇನ್ನೂ ನನ್ನನ್ನೇ ನೋಡುತ್ತಿದ್ದಾರೆ, ಏನಾದರೂ ಹೇಳಬೇಕು ನಾನು, ಹೇಳದಿದ್ದರೆ ಗೊತ್ತಾಗುತ್ತದೆ, ನಮ್ಮಿಬ್ಬರದೂ ಒಂದೇ ಮೂಗು, ಇನ್ನೊಂದು ಗಳಿಗೆ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಎಷ್ಟು ಸಲ ಹೇಳ್ಬೇಕು ನಿಮಗೆ, ಎಂದೆ, ಇನ್ನೊಂದ್ಸಲ ಹೀಗೆ ಮಾಡಿದ್ರೆ ಕೆಲಸಕ್ಕೆ ಬರ್ಬೇಡಿ, ತಗೊಂಡು ಹೊರಡಿ. ನನ್ನ ದನಿ ಎಷ್ಟು ಸಲೀಸಾಗಿ ಬಂತು, ಅಭ್ಯಾಸವಿದ್ದವಳ ಹಾಗೆ. ಆಯ್ತು ಮೇಡಂ. ರಗ್ಗು ಮಡಿಚಿದಳು, ಮಡಿಚುವಾಗ ಒಂದು ಸಲ ಕೆನ್ನೆಗೆ ಒತ್ತಿ ನೋಡಿದಳು, ಒಣಗಿದೆಯೇ ಎಂದು, ತಲೆಯ ಮೇಲೆ ಹೊತ್ತು ಹೋದಳು.

ಈಗ ಗಂಡ ಸಮುದ್ರ ನೋಡುತ್ತಿದ್ದಾನೆ, ಹೆಂಡತಿಗೆ ಸಿಟ್ಟು ಇಳಿದಿದೆ, ಹೀಗಿರ್ಬೇಕು ನೋಡಿ ಸ್ಟ್ರಿಕ್ಟಾಗಿ, ನಂಗೆ ಇಷ್ಟ ಆಯ್ತು, ರೀ, ಇದನ್ನೇ ತಗೊಳೋಣ ಎನ್ನುತ್ತಾಳೆ, ಸಾಹೇಬರು ನನ್ನ ಕಿವಿಯ ಹತ್ತಿರ, ಭೇಷ್, ನಾಳೆ ಬಂದು ಕೋಣೆ ಕೀಲಿ ತಗೊಳಿ, ನಾಳೆ, ಪೂರ್ವದ ಕಿಟಕಿ, ಚಾಪೆಯಷ್ಟು ಬಿಸಿಲು. ಆ ಹಿಂದುಗಡೆ ಕತ್ತಲೆಕತ್ತಲೆ ಇದೆಯಲ್ಲ ಅದೇನು, ಅವಳು ಬಾಲ್ಕನಿಯ ಇನ್ನೊಂದು ಕಡೆಯಿಂದ ಕೇಳುತ್ತಾಳೆ, ಅದು ಹೋಗುತ್ತೆ ಮೇಡಂ, ಪಾರ್ಕ್ ಬರುತ್ತೆ, ಎನ್ನುತ್ತ ನಾನೂ ಬಗ್ಗುತ್ತೇನೆ, ಕೆಲಸದವರ ಗೇಟಿನಿಂದ ಪಕ್ಕದ ರಸ್ತೆಗೆ ಒಂದು ಕೆಂಪು ಚುಕ್ಕೆ ಬಂತು, ಬಿಸಿಲಲ್ಲಿ, ನಿಧಾನ, ತಿರುವಿನವರೆಗೆ ಬಿಸಿಲು, ತಿರುವಿನಲ್ಲಿ ಈ ಕಟ್ಟಡದ ನೆರಳು ಚಾಕುವಿನಲ್ಲಿ ಕೊಯ್ದ ಹಾಗೆ ರಸ್ತೆಗೆ ಅಡ್ಡ ಬಿದ್ದಿದೆ, ಅದರಾಚೆ ನಮ್ಮ ಓಣಿ, ಹೋಗು ಅಮ್ಮ, ಸಂಜೆ ಬಂದು ಹೇಳುತ್ತೇನೆ, ಕಿಟಕಿಯ ವಿಷಯ ಹೇಳುತ್ತೇನೆ, ಆಯ್ತು ಪುಟ್ಟಿ ಅನ್ನುತ್ತೀಯಲ್ಲ, ಪುಟ್ಟಿ ಅಂತಲೇ ಅನ್ನುತ್ತೀಯಲ್ಲ — ಚುಕ್ಕೆ ಗೆರೆಯ ಹತ್ತಿರ ಬಂತು, ನಿಂತಿತು, ಕೆಮ್ಮು ಇರಬೇಕು, ಅಥವಾ ಒಣಗಿದ ರಗ್ಗನ್ನು ಮತ್ತೆ ನೆರಳಿಗೆ ಒಯ್ಯಲು ಮನಸ್ಸಿಲ್ಲ, ಮೇಲೆ ನೋಡಬೇಡ, ನೋಡು, ನೋಡಬೇಡ, ಏನು ಮೇಡಂ ನೋಡ್ತಿದ್ದೀರಿ ಎಂದು ಯಾರೋ ಕೇಳುತ್ತಿದ್ದಾರೆ, ಗೆರೆಯ ಈಚೆ ಕೆಂಪು, ಅಲುಗುತ್ತಿಲ್ಲ, ಗೆರೆಯ ಈಚೆ, ಕೆಂಪು