ಬೇನೆ ಬರಿಸುತ್ತಾರಂತೆ

ದಿನ ತುಂಬಿದ ಮೇಲೂ ಹೆರಿಗೆಯಾಗದಿದ್ದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಬಾಗಿಲಿಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಭಾಲ್ಕಿ ಹತ್ತಿರದ ಭಾತಂಬ್ರಾದಲ್ಲಿ, ಸುಂದರಬಾಯಿಯ ಮನೆಗೆ ಆ ವರ್ಷ ಹೀಗೆ ಕೇಳುವವರು ಬಹಳ ಬಂದರು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ಮೂರನೆಯ ಮಳೆಗಾಲ. ಸೊಸೆ ಸುಮಿತ್ರಾಬಾಯಿಗೆ ಇಪ್ಪತ್ತು ವರ್ಷ, ಚೊಚ್ಚಲ ಬಸಿರು. ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನ ಅತ್ತೆಯ ಮನೆಯಲ್ಲೇ ಎಂದು ಮಾತಾಗಿತ್ತು.

ಈ ಸಂಗತಿ ನನಗೆ ಹೇಳಿದವರು ಸುಮಿತ್ರಾಬಾಯಿಯವರೇ. ನಾನು ಆ ಊರಿಗೆ ಆರೋಗ್ಯ ಸಹಾಯಕಿಯಾಗಿ ಹೋದಾಗ ಅವರಿಗೆ ಅರವತ್ತು ದಾಟಿತ್ತು.

ಆಗ ಭಾಲ್ಕಿಯ ಸರ್ಕಾರಿ ದವಾಖಾನೆಯಿಂದ ಗುಲಶನ ಎಂಬ ನರ್ಸಬಾಯಿ ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಸುಮಿತ್ರಾ ಕೊನೆಯ ಸಲ ಮುಟ್ಟಾದದ್ದು ದಸರೆ ಮುಗಿದ ವಾರ ಎಂದು ಅವರು ಕೇಳಿ ತಿಳಿದುಕೊಂಡಿದ್ದರು. ನಾಗರ ಪಂಚಮಿಗೆ ವಾರ ಮೊದಲೇ ದಿನ ತುಂಬುತ್ತದೆ, ತಡವಾದರೂ ಪಂಚಮಿಯೊಳಗೆ ಕೂಸು ಬರಬೇಕು ಎಂದಿದ್ದರು. ಪಂಚಮಿ ಬಂತು. ಓಣಿಯ ಹುಡುಗಿಯರು ಜೋಕಾಲಿ ಆಡಿದರು. ಮೂರು ದಿನ ಕಳೆದು ಜೋಕಾಲಿಯ ಹಗ್ಗ ಬಿಚ್ಚಿದರು. ಸುಮಿತ್ರಾಗೆ ಬೇನೆ ಮಾತ್ರ ಬರಲಿಲ್ಲ.

ಅವತ್ತು ಗುಲಶನ ಬಂದು ಹೊಟ್ಟೆ ಮುಟ್ಟಿ ನೋಡಿದರು. ಹೋದ ವಾರಕ್ಕಿಂತ ಹೊಟ್ಟೆ ಇಳಿದಂತಿತ್ತು. ಕೂಸು ಹೇಗೆ ಆಡುತ್ತಿದೆ ಎಂದು ಕೇಳಿದರು. ಸುಮಿತ್ರಾ ಮೊದಲು ಅತ್ತೆಯ ಮುಖ ನೋಡಿದಳು. ಆಮೇಲೆ, ನಿನ್ನೆಯಿಂದ ಒದೆಯುವುದು ಕಡಿಮೆಯಾಗಿದೆ ಎಂದು ಸಣ್ಣ ದನಿಯಲ್ಲಿ ಹೇಳಿದಳು.

"ದಿನ ತುಂಬಿ ಎರಡು ವಾರ ಆಗ್ಲಿಕ ಬಂತ್ರಿ ಅವ್ವಾರ," ಎಂದರು ಗುಲಶನ. "ದಿನ ಮೀರಿದರ ಕೂಸಿಗಿ ಅನ್ನ ಮುಟ್ಟಸೋ ಮಾಸು ಸೊರಗತದ. ಹೊಟ್ಟ್ಯಾಗಿನ ನೀರೂ ಕಮ್ಮಿ ಆಗ್ತದ. ಇವತ್ತೇ ಬೀದರಕ ಹೋಗ್ರಿ. ಅಲ್ಲಿ ಡಾಕ್ಟರಬಾಯಿ ನೋಡಿ, ಬೇಕಾದರ ಬ್ಯಾನಿ ಬರಸ್ತಾರ."

ಸುಂದರಬಾಯಿ ಕುಳಿತಲ್ಲಿಂದ ಏಳಲಿಲ್ಲ. "ಯಾರಿಗಿ ಗಡಿಬಿಡಿ ಅದ್ರಿ ಬಾಯಿ? ಕೂಸಿಗೋ, ನಿಮಗೋ?"

ಆಕೆಗೆ ಸಂಶಯಗಳು ಒಂದೆರಡಲ್ಲ. ಹೊಸ ರಾಜ್ಯದವರು ಲೆಕ್ಕ ತುಂಬಿಸಲು ಬಸುರಿಯರನ್ನು ದವಾಖಾನೆಗೆ ಎಳೆಯುತ್ತಾರೆ ಎಂದು ಬಾವಿಕಟ್ಟೆಯಲ್ಲಿ ಕೇಳಿದ್ದಳು. ಅಲ್ಲಿ ಹೊಟ್ಟೆ ಕೊಯ್ಯುತ್ತಾರೆ, ಬಾಟಲಿಯಲ್ಲಿ ಏನೋ ಹಾಕಿ ಏರಿಸುತ್ತಾರೆ ಎಂದೂ ಕೇಳಿದ್ದಳು. ಬೇನೆ ತಾನಾಗಿ ಬರಬೇಕು, ಬರಿಸಿದ ಬೇನೆ ಹೆಂಗಸಿನ ಜೀವ ತೆಗೆಯುತ್ತದೆ ಎಂದು ಖಡಾಖಂಡಿತ ಹೇಳಿದಳು. ಅದು ಹೇಗೆ ಗೊತ್ತು ಎಂದು ಗುಲಶನ ಕೇಳಿದರೆ ಬಾಯಿ ಬಿಡಲಿಲ್ಲ.

ಸುಮಿತ್ರಾ ಅಲ್ಲಿಯವರೆಗೆ ಅತ್ತೆಗೆ ಎದುರು ಮಾತಾಡಿದವಳಲ್ಲ. ಅವತ್ತು ಮಾತಾಡಿದಳು. "ಅತ್ತಿ, ಕೂಸು ಒದೀಲಿಕತ್ತಿಲ್ಲ. ನನಗ ಅಂಜಿಕಿ ಆಗ್ಲಿಕತ್ತದ."

ಸುಂದರಬಾಯಿ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಆಮೇಲೆ ಗಾಡಿ ಕಟ್ಟಲು ಮಗ ಹಾವಗೆಪ್ಪನಿಗೆ ಹೇಳಿದಳು. ತಾನೂ ಬರುತ್ತೇನೆ, ಒಂದು ಗಳಿಗೆಯೂ ಸೊಸೆಯನ್ನು ಬಿಟ್ಟು ಕದಲುವುದಿಲ್ಲ ಎಂದು ಗುಲಶನರಿಗೆ ಸ್ಪಷ್ಟವಾಗಿ ಹೇಳಿದಳು. ಭಾಲ್ಕಿಯವರೆಗೆ ಎತ್ತಿನ ಗಾಡಿ, ಅಲ್ಲಿಂದ ಬೀದರಕ್ಕೆ ರೈಲು. ಗುಲಶನರೂ ಜೊತೆಗೆ ಹೊರಟರು; ದಾರಿಯುದ್ದಕ್ಕೂ ಸುಂದರಬಾಯಿ ಅವರಿಗೆ ಬೆನ್ನು ಹಾಕಿಯೇ ಕುಳಿತಳು.

ದವಾಖಾನೆಯಲ್ಲಿ ಡಾಕ್ಟರಬಾಯಿ ಪರೀಕ್ಷೆ ಮಾಡಿದರು. ಕೂಸಿನ ಎದೆಬಡಿತ ಕೇಳುತ್ತಿದೆ, ಆದರೆ ಇನ್ನು ಕಾಯುವುದು ಸರಿಯಲ್ಲ ಎಂದರು. ವಿಮಲಾಬಾಯಿ ಎಂಬ ನರ್ಸ್ ಒಂದು ಕಾಗದ ತಂದು ಹಾವಗೆಪ್ಪನ ಮುಂದಿಟ್ಟರು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ನಿಜಾಮರ ಕಾಲದ ಉರ್ದು ಸಾಲೆಯಲ್ಲಿ ನಾಲ್ಕನೆಯ ತರಗತಿ ಕಲಿತವನು ಅವನು. ಮನೆಯ ಮಾತು ಕನ್ನಡವಾದರೂ ಕನ್ನಡ ಅಕ್ಷರ ಓದಲು ಬರುತ್ತಿರಲಿಲ್ಲ. ಅದನ್ನು ಹೇಳಲು ನಾಚಿ ಹೆಬ್ಬೆಟ್ಟು ಚಾಚಿದ. ಸುಂದರಬಾಯಿ ಅವನ ಕೈ ಹಿಡಿದಳು. "ಏನು ಬರೆದಾರಂತ ತಿಳೀದೆ ಒತ್ತಬ್ಯಾಡ."

ವಿಮಲಾಬಾಯಿ ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಕುಳಿತು ಒಂದೊಂದೇ ಸಾಲು ಓದಿ ಅರ್ಥ ಹೇಳಿದರು. ಗರ್ಭಚೀಲದ ಬಾಯಿ ಇನ್ನೂ ಗಟ್ಟಿಯಾಗಿದೆ, ಮೊದಲು ಅದು ಮೆತ್ತಗಾಗಬೇಕು. ಇವತ್ತು ಏನೂ ಆಗದಿರಬಹುದು, ನಾಳೆಯೂ ಹೊತ್ತು ಹಿಡಿಯಬಹುದು. ಬರಿಸಿದ ಬೇನೆ ತಾನಾಗಿ ಬಂದದ್ದಕ್ಕಿಂತ ಜೋರಾಗಿರಬಹುದು. ಎಲ್ಲ ಮಾಡಿದರೂ ಬಾಯಿ ತೆರೆಯದಿದ್ದರೆ, ಅಥವಾ ಕೂಸು ದಣಿದರೆ, ಆಪರೇಶನ್ ಮಾಡಬೇಕಾದೀತು. ಆಪರೇಶನ್ ಎಂಬ ಮಾತು ಮುಚ್ಚಿಡದೆ ಹೇಳಿದ್ದು ಕೇಳಿ ಸುಂದರಬಾಯಿಗೆ ಆಶ್ಚರ್ಯವಾಯಿತು. ಆಮೇಲೆ ವಿಮಲಾಬಾಯಿ ಸುಮಿತ್ರಾಳ ಒಪ್ಪಿಗೆಯನ್ನೂ ಕೇಳಿದರು. ಆಕೆ ಹೂಂ ಎಂದ ಮೇಲೆಯೇ ಹೆಬ್ಬೆಟ್ಟು ಬಿತ್ತು.

ಆ ದಿನ ಡಾಕ್ಟರಬಾಯಿ ಗರ್ಭಚೀಲದ ಬಾಯಿಯ ಬಳಿ ಪೊರೆಯನ್ನು ಬೆರಳಿನಿಂದ ಸ್ವಲ್ಪ ಬಿಡಿಸಿದರು. ನೋವಾಯಿತು. ಬಟ್ಟೆಗೆ ರಕ್ತದ ಕಲೆ ಹತ್ತಿತು. ಸುಂದರಬಾಯಿ ಆ ಬಟ್ಟೆ ಹಿಡಿದುಕೊಂಡು ವಿಮಲಾಬಾಯಿಯ ಎದುರು ಹೋಗಿ ನಿಂತಳು. ಇಷ್ಟು ಕಲೆಯಾಗುವುದು ಇದ್ದದ್ದೇ, ರಕ್ತ ಹರಿದು ಬಂದರೆ ತಕ್ಷಣ ಕರೆಯಿರಿ ಎಂದು ಅವರು ತಿಳಿಸಿ ಹೇಳಿದರು. ಸಂಜೆಯವರೆಗೆ ಸೊಂಟ ಸಣ್ಣಗೆ ಹಿಡಿದು ಬಿಡುತ್ತಿತ್ತು, ಅಷ್ಟೇ.

ಮರುದಿನ ಮುಂಜಾನೆ ನೀರಿನ ಚೀಲ ಒಡೆದರು. ಅದಕ್ಕೆ ನೋವಾಗಲಿಲ್ಲ, ಬೆಚ್ಚಗೆ ನೀರು ಹೋದಂತಾಯಿತು ಎನ್ನುತ್ತಿದ್ದರು ಸುಮಿತ್ರಾಬಾಯಿ. ನೀರು ತುಸು ಹಸಿರಾಗಿತ್ತು. ಕೂಸು ಒಳಗೇ ಹೊಲಸು ಮಾಡಿದೆ, ಇನ್ನು ಹೆಚ್ಚು ನಿಗಾ ಬೇಕು ಎಂದರು ಡಾಕ್ಟರಬಾಯಿ. ಆಮೇಲೆ ಬಾಟಲಿ ತಂದು ಕಂಬಕ್ಕೆ ತೂಗುಹಾಕಿದರು.

ಅದರಲ್ಲಿ ಏನಿದೆ ಎಂದು ಸುಂದರಬಾಯಿ ಕೇಳಿದಳು. ಸಕ್ಕರೆ ನೀರು, ಅದಕ್ಕೆ ಬೇನೆ ಬರಿಸುವ ಔಷಧ ಬೆರೆಸುತ್ತೇವೆ ಎಂದರು ವಿಮಲಾಬಾಯಿ. ಆಕೆ ನಂಬಲಿಲ್ಲ. ಔಷಧ ಬೆರೆಸುವ ಮೊದಲು ನಳಿಕೆಯೊಳಗಿನ ಗಾಳಿ ಹೋಗಲೆಂದು ತುಸು ನೀರು ಹೊರಗೆ ಬಿಡುವಾಗ ಅಂಗೈ ಒಡ್ಡಿದಳು. ಎರಡು ಹನಿ ನಾಲಿಗೆಗೆ ಹಚ್ಚಿಕೊಂಡಳು. ಸಿಹಿಯಾಗಿತ್ತು. ಬೇನೆಗೆ ಸಕ್ಕರೆ ಯಾಕೆ ಬೇಕು ಎಂದು ಇನ್ನೊಂದು ಸಂಶಯ ಹುಟ್ಟಿತು.

ಹನಿ ಹನಿಯಾಗಿ ಇಳಿಯಿತು. ವಿಮಲಾಬಾಯಿ ಹೊಟ್ಟೆಯ ಮೇಲೆ ಕೈಯಿಟ್ಟು, ಗಡಿಯಾರ ನೋಡುತ್ತ, ಬೇನೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆದುಕೊಳ್ಳುತ್ತಿದ್ದರು. ನಡುನಡುವೆ ಕಟ್ಟಿಗೆಯ ತುತೂರಿಯಂಥದ್ದನ್ನು ಹೊಟ್ಟೆಗೆ ಒತ್ತಿ ಕೂಸಿನ ಎದೆಬಡಿತ ಎಣಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೇನೆ ಜೋರಾಯಿತು. ಆಮೇಲೆ ಒಂದರ ಮೇಲೊಂದು ಬರತೊಡಗಿತು. ನಡುವೆ ಉಸಿರು ತೆಗೆದುಕೊಳ್ಳಲೂ ಬಿಡುವಿರಲಿಲ್ಲ. ಸುಮಿತ್ರಾ ಮಂಚದ ಸರಳು ಹಿಡಿದು ನರಳಿದಳು. ಸುಂದರಬಾಯಿ ಬಾಟಲಿ ಕಿತ್ತೆಸೆಯುತ್ತೇನೆ ಎಂದು ಎದ್ದೇಬಿಟ್ಟಳು.

ಆದರೆ ಅಷ್ಟರಲ್ಲೇ ವಿಮಲಾಬಾಯಿಯ ಕೈ ನಳಿಕೆಗೆ ಹೋಗಿತ್ತು. ಹನಿ ನಿಂತಿತು. ಸುಮಿತ್ರಾಳನ್ನು ಎಡ ಮಗ್ಗುಲಿಗೆ ಹೊರಳಿಸಿ, ಡಾಕ್ಟರಬಾಯಿಗೆ ಹೇಳಿಕಳಿಸಿ, ತುತೂರಿಗೆ ಕಿವಿಯಿಟ್ಟರು. ತುಸು ಹೊತ್ತಿಗೆ ಬೇನೆಗಳ ನಡುವೆ ಬಿಡುವು ಸಿಕ್ಕಿತು. ಸುಮಿತ್ರಾ ಕಣ್ಣು ತೆರೆದು ನೀರು ಕೇಳಿದಳು.

ಸುಂದರಬಾಯಿ ನಿಂತೇ ಇದ್ದಳು. "ಇದು ನಿಲ್ಲಸ್ಲಿಕ್ಕಿ ಬರ್ತದೇನ್ರಿ?"

"ಬರ್ತದ್ರಿ. ನಿಲ್ಲಸಲಿಕ್ಕೇ ನಾ ಇಲ್ಲಿ ಕೂತೇನಿ."

ಆಗ ಸುಂದರಬಾಯಿ ಕೆಳಗೆ ಕುಳಿತಳು. ಇಪ್ಪತ್ತು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಔರಾದ ಕಡೆಯ ಚಿಂತಾಕಿಗೆ ಆಕೆಯ ತಂಗಿಯನ್ನು ಕೊಟ್ಟಿದ್ದರು. ಚೊಚ್ಚಲ ಹೆರಿಗೆ, ದಿನ ತುಂಬಿದರೂ ಬೇನೆ ಬರಲಿಲ್ಲ. ಯಾರೋ ಬೇರಿನ ಕಷಾಯ ಹೇಳಿದರು. ಒಮ್ಮೆ ಕುಡಿಸಿದರು, ಮತ್ತೊಮ್ಮೆ ಕುಡಿಸಿದರು. ಬೇನೆ ಹೀಗೇ ಒಂದರ ಮೇಲೊಂದು ಬಂತು, ಬಿಡಲೇ ಇಲ್ಲ. ಒಳಗೆ ಗರ್ಭಚೀಲ ಹರಿದುಹೋಯಿತು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ.

"ಕಷಾಯ ಕುದಿಸಿ ಕೊಟ್ಟಾಕಿ ನಾನೇ," ಎಂದಳು. "ಹೊಟ್ಟಿಗಿ ಹೋದದ್ದು ವಾಪಸ ತಗೀಲಿಕ್ಕಿ ಬರಲಿಲ್ಲ."

ಸುಮಿತ್ರಾ ಮಲಗಿದಲ್ಲಿಂದಲೇ ಕೈ ಚಾಚಿ ಅತ್ತೆಯ ಕೈ ಹಿಡಿದಳು. ಡಾಕ್ಟರಬಾಯಿ ಬಂದು ನೋಡಿದ ಮೇಲೆ ಹನಿಯನ್ನು ಮತ್ತೆ ಬಿಟ್ಟರು, ಈ ಸಲ ಇನ್ನೂ ನಿಧಾನವಾಗಿ.

ನಾಲ್ಕು ಗಂಟೆಗೆ ಹೆಣ್ಣು ಕೂಸು ಹುಟ್ಟಿತು. ಚರ್ಮ ಒಣಗಿ ಸುಲಿದಿತ್ತು, ಉಗುರು ಬೆಳೆದಿದ್ದವು. ಅಳಲಿಲ್ಲ. ಬಾಯಿ ಒರೆಸಿ, ಬೆನ್ನು ಉಜ್ಜಿ ಉಜ್ಜಿ ಡಾಕ್ಟರಬಾಯಿ, ವಿಮಲಾಬಾಯಿ ಇಬ್ಬರಿಗೂ ಸಾಕಾದ ಮೇಲೆ ಒಮ್ಮೆ ಕೆಮ್ಮಿ ಅತ್ತಿತು. ಸುಂದರಬಾಯಿ ಆಗಲೂ ಸುಮ್ಮನಾಗಲಿಲ್ಲ. ಮಾಸು ತೋರಿಸಿರಿ ಎಂದು ಕೇಳಿ ತರಿಸಿಕೊಂಡಳು. ಗುಲಶನ ಹೇಳಿದ್ದಂತೆ ಅದು ಸೊರಗಿತ್ತು, ಮೇಲೆ ಅಲ್ಲಲ್ಲಿ ಸುಣ್ಣದಂಥ ಬಿಳಿ ಕಲೆಗಳಿದ್ದವು. ಬಹಳ ಹೊತ್ತು ನೋಡಿ, ಹೊರಗೆ ಕುಳಿತಿದ್ದ ಗುಲಶನರ ಬಳಿ ಹೋಗಿ ಊಟ ಆಯಿತೇ ಎಂದು ವಿಚಾರಿಸಿದಳು.

ಮುಂದಿನ ವರ್ಷ ಓಣಿಯ ಒಬ್ಬಳು ಬೇನೆ ಬರಿಸುವ ಬೇರು ಕೇಳಲು ಬಂದಾಗ ಸುಂದರಬಾಯಿ ಆಕೆಯನ್ನು ತಾನೇ ಗಾಡಿ ಹತ್ತಿಸಿಕೊಂಡು ಭಾಲ್ಕಿಗೆ ಹೋದಳು.

ಅಕ್ಕಂದಿರೇ, ಅವ್ವಂದಿರೇ, ಈಗ ದವಾಖಾನೆಯ ಸಲಕರಣೆಗಳು ಬದಲಾಗಿವೆ. ಬೇನೆ ಬರಿಸಲು ಗುಳಿಗೆ ಇದೆ, ಜೆಲ್ ಇದೆ, ಡ್ರಿಪ್ ಇದೆ. ಕೂಸಿನ ಎದೆಬಡಿತವನ್ನು ಯಂತ್ರ ತೋರಿಸುತ್ತದೆ. ಆದರೂ ಒಂದು ದಿನ, ಎರಡು ದಿನ ಹಿಡಿಯಬಹುದು, ಗಾಬರಿಯಾಗಬೇಡಿ. ನೋವು ತಡೆಯದಿದ್ದರೆ ಹೇಳಿ, ಅದಕ್ಕೂ ಉಪಾಯ ಇದೆ. ಹಿಂದಿನ ಹೆರಿಗೆಗೆ ಆಪರೇಶನ್ ಆಗಿದ್ದರೆ ಮರೆಯದೆ ತಿಳಿಸಿ. ಕೂಸು ಆಡುವುದು ಕಡಿಮೆಯಾದರೆ, ನೀರು ಅಥವಾ ರಕ್ತ ಹೋದರೆ, ದಿನ ಎಣಿಸುತ್ತ ಕೂರದೆ ಆಗಲೇ ಹೊರಡಿ. ಬೇನೆ ಬರಲೆಂದು ಮನೆಯಲ್ಲಿ ಕಷಾಯ ಕುಡಿಸಬೇಡಿ, ಯಾರೋ ಬಂದು ಸೂಜಿ ಹಾಕುತ್ತೇನೆಂದರೆ ಬಾಗಿಲಲ್ಲೇ ತಡೆಯಿರಿ.

ಯಾಕೆ ಬರಿಸುತ್ತೀರಿ, ಕಾದರೆ ಏನಾಗುತ್ತದೆ, ಬೇನೆ ಹೆಚ್ಚಾದರೆ ಏನು ಮಾಡುತ್ತೀರಿ ಎಂದು ಕೇಳಿ. ನಿಮಗೆ ಸಂಶಯ ಇರಲಿ. ಅದನ್ನು ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ, ಬಸುರಿಯ ಜೊತೆಗೆ ದವಾಖಾನೆಗೆ ತನ್ನಿ.