ಎಡಗಾಲಿನ ಚಪ್ಪಲಿ

ಎರಡೂ ಇವೆ, ಬೂಟಿನ ತುದಿಗೆ ಮೊದಲು ಬಲಗಾಲಿನದು ತಾಗಿತು, ಆಮೇಲೆ ಎಡಗಾಲಿನದು, ಬೆಳಿಗ್ಗೆ ಮೇಜಿನ ಕೆಳಗೆ ನಾನೇ ಇಟ್ಟ ಹಾಗೆ ಪಕ್ಕಪಕ್ಕ, ನೀಲಿ ಪ್ಲಾಸ್ಟಿಕ್ ಚಪ್ಪಲಿ, ಮಧ್ಯಾಹ್ನದ ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ನಲ್ಲಿಗೆ ಹಾಕಿಕೊಂಡು ಹೋಗುವುದು — ಈ ಗುರುವಾರವಾದರೂ ಒಂದು ಕಾಣೆಯಾಗಬಾರದಿತ್ತೇ, ಬಹ್ಜತ್ ಬಂದಿದ್ದಾನಲ್ಲ, ಎದೆ ಕೊಯ್ಸಿಕೊಂಡು ಮೂರು ತಿಂಗಳ ಮೇಲೆ ನೋಂದಣಿ ಕಚೇರಿಯ ತನ್ನ ಹಳೇ ಜಾಗಕ್ಕೆ, ನನ್ನ ಎದುರು ಮೇಜಿಗೇ ಬಂದು ಕೂತಿದ್ದಾನೆ, ಕಾಲರಿನೊಳಗೆ ಕುತ್ತಿಗೆ ಸಣ್ಣಗಾಗಿದೆ, ಯಾರದೋ ಕೂಸಿನ ಜನನಪತ್ರಕ್ಕೆ ಹೆಸರು ಬರೆಯುತ್ತಿದ್ದಾನೆ, ತಾಂತಾ ಊರಿನ ಅರ್ಧ ಮಕ್ಕಳ ಹೆಸರು ಅವನ ಕೈಬರಹದಲ್ಲೇ ಇದೆ. ಬೆಳಿಗ್ಗೆ ಪೇಪರ್ ಹಾಸಿ ಎಲ್ಲರೂ ಬೇಯಿಸಿದ ಅವರೆಯೂ ರೊಟ್ಟಿಯೂ ತಿಂದೆವು, ಅವನೂ ಒಂದು ತುತ್ತು ತಿಂದ, ನನ್ನ ಕಡೆ ಉಪ್ಪಿನಕಾಯಿ ಸರಿಸಿ ತಗೊಳ್ಳಿ ಅಂದ. ತಗೊಳ್ಳಿ. ಇಪ್ಪತ್ತೆರಡು ವರ್ಷ ನನ್ನನ್ನು ನಜ್ಮಿ ಪಾಶಾ, ಏನೋ ಪಾಶಾ ಅಂತ ದೊರೆಯ ಪಟ್ಟ ಕಟ್ಟಿ ಕಾಡಿದವನು.

ಸಕ್ಕರೆ ಡಬ್ಬಿಗೆ ಉಪ್ಪು, ಕುರ್ಚಿಗೆ ಕಟ್ಟಿದ ಕೋಟಿನ ತೋಳು, ಅವೆಲ್ಲ ಅವನ ಚಿಲ್ಲರೆ ಆಟ, ಗುರುವಾರದ್ದು ಮಾತ್ರ ತಪ್ಪಿದ್ದೇ ಇಲ್ಲ, ಬಾಂಗು ಕೇಳಿದ ಕೂಡಲೇ ನಾನು ಬಗ್ಗಿದರೆ ಬಲಗಾಲಿನದೊಂದೇ, ಎಡಗಾಲಿನದು ಕಡತದ ಕಪಾಟಿನಲ್ಲೋ ಮದಾಮ್ ಇಹ್ಸಾನ್ ಅವರ ಮೊಹರಿನ ಪೆಟ್ಟಿಗೆಯ ಹಿಂದೋ, ನಾನು ಕುಂಟುತ್ತಾ ಹುಡುಕಬೇಕು, ಸಾಲಲ್ಲಿ ನಿಂತ ಜನ ಕೂಡ, ಇನ್ನೂ ಎಡಕ್ಕೆ ನೋಡಿ ಉಸ್ತಾದ್, ಅನ್ನುವರು, ನಾನು ಬೈಯುವೆ, ಒಳಗೊಳಗೆ ಗುರುವಾರಕ್ಕೆ ಕಾಯುವೆ. ಆ ಒಂದು ಗುರುವಾರ ದೊಡ್ಡ ಸಾಹೇಬರು ತನಿಖೆಗೆ ಬಂದರು, ನಾನು ಒಂಟಿಕಾಲಲ್ಲಿ, ಅವರು ಬಾಗಿಲಲ್ಲಿ, ಇದೇನು ಸರ್ಕಸ್ಸಾ ಎಂದು ಕೇಳಿ ಹೊರಟೇಹೋದರು, ಬಡ್ತಿಯೂ ಅವರ ಹಿಂದೆಯೇ ಹೋಯಿತು ಅನ್ನಿಸಿತು, ಮತ್ತೆ ನನ್ನ ನಾಲಿಗೆ — ಆಡಿಸೋಕೆ ಮನೇಲಿ ಒಂದು ಮಗು ಇಲ್ಲ, ಅದಕ್ಕೇ ಇಲ್ಲಿ ಮಕ್ಕಳಾಟ ಆಡ್ತಾನೆ ಅಂತ ಎಲ್ಲರ ಮುಂದೆ. ಆಡಿದ ಮಾತು, ಒಡೆದ ಮುತ್ತು. ಬಹ್ಜತ್ ಕಪಾಟಿನ ಮೇಲಿಂದ ಚಪ್ಪಲಿ ತೆಗೆದು ತೋಳಿನಿಂದ ಧೂಳು ಒರೆಸಿ ನನ್ನ ಕಾಲ ಬಳಿ ಇಟ್ಟ, ಎಡಗಾಲಿನದು. ಆಮೇಲಿನ ಗುರುವಾರಗಳಲ್ಲೆಲ್ಲ ಎರಡೂ ಇದ್ದವು. ಅವನು ಆಸ್ಪತ್ರೆ ಸೇರಿದಾಗ ಕಿತ್ತಳೆ ಹಣ್ಣು ಹಿಡಿದು ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದೆ, ಹೇಡಿ ನಾನು.

ಎದ್ದ, ಮೊಹರು ಹಾಕಿಸಲು ಮದಾಮ್ ಬಳಿ ಹೋದ, ಒಂದೊಂದೇ ಹೆಜ್ಜೆ, ಮತ್ತೆ ನನ್ನ ಕೈ, ಕಳ್ಳ ಕೈ, ಎಡಗಾಲಿನದನ್ನು ಎತ್ತಿಕೊಂಡು ಅವನ ಮೇಜಿನ ಕೆಳಗಿನ ಡ್ರಾಯರಿಗೆ ತುರುಕಿತು, ಅವನು ಮರಳಿ ಬಂದು ಕೂತ, ಬಾಂಗು ಆಯಿತು, ನಾನು ಬೂಟು ಬಿಚ್ಚಿದೆ, ಬಲಗಾಲಿಗೆ ಚಪ್ಪಲಿ ಹಾಕಿ ಕುಂಟುತ್ತಾ ಅವನ ಮೇಜಿನವರೆಗೆ — ಎಲ್ಲಯ್ಯಾ ನನ್ನ ಚಪ್ಪಲಿ. ಅವನ ಮುಖ ಬಿಳುಚಿತು, ನಾನು ತೆಗೆದಿಲ್ಲ ನಜ್ಮಿ, ದೇವರಾಣೆ, ಇನ್ನು ಅದೆಲ್ಲ ಬಿಟ್ಟಿದ್ದೀನಿ. ಅಯ್ಯೋ, ಇದೂ ಕೆಟ್ಟಿತಲ್ಲ, ಮತ್ತೆ ದೂರು ಹೇಳಲು ಬಂದೆನೆಂದುಕೊಂಡ. ಡ್ರಾಯರ್ ತೆಗಿ ಅಂದೆ, ತೆಗಿಯೋ. ತೆಗೆದ. ನೀಲಿ ಚಪ್ಪಲಿ ನೋಡಿದ, ನನ್ನ ಕಾಲು ನೋಡಿದ, ತುಂಬಾ ಹೊತ್ತು ನೋಡಿದ, ಮದಾಮ್ ಮೊಹರು ಎತ್ತಿದ ಕೈ ಹಾಗೇ ನಿಂತಿದೆ. ಬಹ್ಜತ್ ಡ್ರಾಯರ್ ಮುಚ್ಚಿದ, ಬೀಗ ಹಾಕಿದ, ಬೀಗದಕೈ ಎದೆ ಜೇಬಿಗೆ ಇಳಿಬಿಟ್ಟ, ಹೊಲಿಗೆ ಬಿದ್ದ ಎದೆಯ ಮೇಲೆ. ನಲ್ಲಿ ಏನು ದೂರ ಇಲ್ಲ ಪಾಶಾ, ಕುಂಟ್ಕೊಂಡೇ ಹೋಗು. ಯಾರೋ ನಕ್ಕರು, ನನ್ನ ಕಣ್ಣು ಮಂಜಾಗಿದೆ, ನಲ್ಲಿ ಯಾವ ಕಡೆ, ಹೋಗಬೇಕು, ಹೋಗುತ್ತೇನೆ, ಎಡಗಾಲು ಇನ್ನೂ ಮೇಲೆಯೇ ಇದೆ, ಬರಿಯ ಎಡಗಾಲು, ಗಾಳಿಯಲ್ಲಿ, ಎಡಗಾಲು.