ನೀಲಿ ಕೆಸರಿನ ಬೀದಿಯಲ್ಲಿ ನಮ್ಮವರು

ನಮ್ಮವರಿಗೆ ಕೆಸರು ಕಂಡರೆ ಆಗದು. ಅಂಥವರನ್ನು ಕೆಸರಿನ ಹಬ್ಬಕ್ಕೆಂದೇ ವಿಮಾನ ಹತ್ತಿಸಿ ಪರದೇಶಕ್ಕೆ ಕರೆದುಕೊಂಡು ಹೋದವಳು ನಾನು. ನೆಂಟರೆಲ್ಲ ನನಗೆ ತಲೆ ಕೆಟ್ಟಿದೆ ಎಂದರು. ಕೆಟ್ಟಿದ್ದು ಕಣ್ಣು, ತಲೆ ನೆಟ್ಟಗೇ ಇತ್ತು.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದೆ ಮೇಜು, ಹಿಂದೆ ತೊಟ್ಟಿ, ಅಂಗಳದ ತುಂಬ ಹಗ್ಗ, ಮೇಲಿನ ಎರಡು ಕೋಣೆಯಲ್ಲಿ ನಮ್ಮ ಸಂಸಾರ. ಜನ ಕಲೆಯಾದ ಬಟ್ಟೆ ತಂದು ಮೇಜಿನ ಮೇಲೆ ಹರವಿ, ಮುಖ ಸಣ್ಣ ಮಾಡಿಕೊಂಡು ನಿಲ್ಲುತ್ತಾರೆ. ಮದುವೆ ಬಟ್ಟೆಯ ಮೇಲೆ ಎಣ್ಣೆ, ಮಗುವಿನ ಅಂಗಿಯ ಮೇಲೆ ಇಂಕು, ಇನ್ಯಾರದೋ ಕಾಲರಿನ ಮೇಲೆ ಹೆಂಡತಿಗೆ ವಿವರಿಸಲಾಗದ ಬಣ್ಣ. ನಮ್ಮವರು ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಬೆರಳಿನಿಂದ ಉಜ್ಜುತ್ತಾರೆ, ಮೂಸುತ್ತಾರೆ. ಆಮೇಲೆ ಒಂದೇ ಮಾತು: “ಹೋಗುತ್ತೆ ಬಿಡಿ.” ಆ ಮಾತು ಕೇಳುವುದಕ್ಕೇ ಅರ್ಧ ಜನ ಬರುತ್ತಾರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅವರು ತೊಡುವುದು ಬಿಳಿ ಅಂಗಿ ಮಾತ್ರ. ಅಂಗಡಿಗೆ ಬೋರ್ಡು ಯಾಕೆ, ನಾನೇ ಬೋರ್ಡಲ್ಲವೇ ಎನ್ನುತ್ತಾರೆ. ನಿದ್ದೆಯಲ್ಲೂ ಸುಕ್ಕಾಗದ ಹಾಗೆ ಮಲಗುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನಿದ್ದೆ.

ಕಣ್ಣಿನ ಡಾಕ್ಟರು ನನ್ನ ಕಣ್ಣೊಳಗೆ ದೀಪ ಬಿಟ್ಟು ನೋಡಿ, ಹಿಂದಿನ ಪರದೆ ಸವೆಯುತ್ತಿದೆ, ಇದಕ್ಕೆ ಆಪರೇಷನ್ ಇಲ್ಲ, ಮಬ್ಬು ನಿಧಾನವಾಗಿ ಹೆಚ್ಚುತ್ತದೆ ಎಂದರು. “ನೋಡಬೇಕು ಅಂತ ಆಸೆ ಇರೋದನ್ನೆಲ್ಲ ಈಗಲೇ ನೋಡಿಬಿಡಿ ಅಮ್ಮಾ” ಎಂದು ಮೆಲ್ಲಗೆ ಹೇಳಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ನಾನು ನಮ್ಮವರನ್ನು ಕೇಳಿದೆ: “ರೀ, ಹೋಗುತ್ತಾ ಇದು?”

ಅವರು ನನ್ನ ಮುಖ ನೋಡಲಿಲ್ಲ. ತೋಳಿನ ಮಡಿಕೆ ಬಿಚ್ಚಿ ಮತ್ತೆ ಮಡಚಿಕೊಂಡರು. ಅಂದಿನಿಂದ ಕಣ್ಣಿನ ಮಾತು ಬಂದರೆ ಅವರ ಬಾಯಿಗೆ ಬೀಗ. ನಾನು ಏನು ಕೇಳಿದರೂ ತೊಟ್ಟಿಯ ಕಡೆ ಹೊರಟುಬಿಡುತ್ತಿದ್ದರು. ಕಣ್ಣು ಹೋಗುವುದಕ್ಕಿಂತ ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಕತ್ತಲಾಗುವುದಾದರೆ ಆಗಲಿ, ಆ ಕತ್ತಲಲ್ಲಿ ಇವರೂ ಮಾತಾಡದಿದ್ದರೆ ನಾನು ಯಾರನ್ನು ಹಿಡಿದುಕೊಂಡು ನಡೆಯಲಿ?

ಮೊದಲು ಅಂಚುಗಳು ಹೋದವು, ಆಮೇಲೆ ತೆಳುಬಣ್ಣಗಳು. ಅಂಗಳದಲ್ಲಿ ಬಿಳಿ ಬಟ್ಟೆಗಳ ನಡುವೆ ನಮ್ಮವರು ಓಡಾಡಿದರೆ ಬಟ್ಟೆ ಯಾವುದು, ಗಂಡ ಯಾವುದು ತಿಳಿಯದಾಯಿತು. ಒಂದು ದಿನ ಹಗ್ಗದ ಮೇಲಿದ್ದ ಹೊದಿಕೆಗೆ “ಊಟಕ್ಕೆ ಬನ್ನಿ, ಆರಿಹೋಗುತ್ತೆ” ಎಂದು ಹೇಳಿ, ಅದು ಉತ್ತರ ಕೊಡಲೆಂದು ಕಾದು ನಿಂತೆ. ನಮ್ಮವರು ಬಾಗಿಲಲ್ಲಿ ನಿಂತು ಅದನ್ನು ನೋಡಿಬಿಟ್ಟರು. ನಾನು ನಕ್ಕೆ. ಅವರು ನಗಲಿಲ್ಲ.

ಎಲ್ಲಾದರೂ ಹೋಗಿ ಬನ್ನಿ ಎಂದು ನೆಂಟರು ಸಲಹೆ ಕೊಟ್ಟರು. ಹಿಮದ ಬೆಟ್ಟ ನೋಡಿ ಎಂದಳು ನಾದಿನಿ. ಬಿಳಿ ನೋಡುವುದಕ್ಕೆ ಅಷ್ಟು ದೂರ ಯಾಕೆ, ಮನೆ ತುಂಬ ಅದೇ ಇದೆ ಎಂದೆ. ಟಿಕೆಟ್ ಮಾಡಿಸಿಕೊಡುವ ಹೆಂಗಸೊಬ್ಬಳು ನಮ್ಮ ಗಿರಾಕಿ. ಅವಳು ಫೋನಿನಲ್ಲಿ ತೋರಿಸಿದ ಹತ್ತಾರು ಊರುಗಳಲ್ಲಿ ಒಂದೇ ಒಂದು ನನ್ನ ಕಣ್ಣಿಗೆ ನೆಟ್ಟಗೆ ಕಂಡಿತು. ಯಾವುದೋ ದೇಶದ ಸಣ್ಣ ಪಟ್ಟಣ. ವರ್ಷಕ್ಕೊಮ್ಮೆ ನದಿಯ ತಳದಿಂದ ನೀಲಿ ಜೇಡಿಮಣ್ಣು ತೆಗೆದು, ಬಿಳಿ ಅಂಗಿ ತೊಟ್ಟ ಜನ ಒಬ್ಬರಿಗೊಬ್ಬರು ಮೆತ್ತಿಕೊಳ್ಳುತ್ತಾರೆ. ಊರಿಗೆ ಊರೇ ಗಾಢ ನೀಲಿ. ನಾನು ಆ ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತ ಒಂದು ನಿರ್ಧಾರಕ್ಕೆ ಬಂದೆ. ನಮ್ಮವರನ್ನು ಆ ನೀಲಿಯಲ್ಲಿ ಅದ್ದಬೇಕು, ಅದ್ದಿ ಒಂದು ಸಲ ಕಣ್ತುಂಬ ನೋಡಬೇಕು.

“ಕೆಸರಾ?” ಎಂದರು ನಮ್ಮವರು.

“ಕೆಸರೇ. ನೋಡಬೇಕು ಅನ್ನಿಸಿದ್ದನ್ನ ನೋಡು ಅಂತ ಡಾಕ್ಟರು ಹೇಳಿದಾರಲ್ಲ.”

ಡಾಕ್ಟರ ಹೆಸರೆತ್ತಿದೊಡನೆ ಅವರು ಒಪ್ಪಿಕೊಂಡರು. ಪೆಟ್ಟಿಗೆ ತುಂಬುವಾಗ ನೋಡಿದರೆ ಬಟ್ಟೆಗಳ ಅಡಿಯಲ್ಲಿ ಇಸ್ತ್ರಿಪೆಟ್ಟಿಗೆ ಮಲಗಿತ್ತು. ನಾನು ತೆಗೆದಿಟ್ಟೆ, ಅವರು ಮತ್ತೆ ಹಾಕಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಸಂಸಾರ. ಕೊನೆಗೆ ಇಸ್ತ್ರಿಪೆಟ್ಟಿಗೆಯೂ ನಮ್ಮ ಜೊತೆ ವಿಮಾನ ಹತ್ತಿತು.

ನಾವು ಇಳಿದುಕೊಂಡದ್ದು ಒಬ್ಬ ದಪ್ಪ ಹೆಂಗಸಿನ ಮನೆಯ ಮಹಡಿಯಲ್ಲಿ. ಅವಳ ಭಾಷೆ ನಮಗೆ ಬಾರದು, ನಮ್ಮದು ಅವಳಿಗೆ ಬಾರದು, ಆದರೂ ಮೊದಲ ದಿನವೇ ಅವಳು ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಎತ್ತರದ ಕಿಟಕಿ, ಹಳೇ ಮರದ ನೆಲ, ಹೊರಳಿದರೆ ನರಳುವ ಮಂಚ. ನಮ್ಮವರು ಕೂತ ಕೂಡಲೇ ಮೇಜಿನ ಬಟ್ಟೆಯ ಮೇಲಿದ್ದ ಚಹಾ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದರು. ನಾನು ಕೈಗೆ ಒಂದು ಏಟು ಕೊಟ್ಟೆ.

ಹಬ್ಬದ ಹಿಂದಿನ ಮಧ್ಯಾಹ್ನ ನನಗೆ ಜೊಂಪು ಹತ್ತಿತ್ತು. ಬೀದಿಯಲ್ಲಿ ಅಂಗಡಿಗಳ ಗಾಜಿಗೆ ಹಲಗೆ ಹೊಡೆಯುವ ಸದ್ದು ದೂರ ದೂರಕ್ಕೆ ಸರಿಯುತ್ತಿತ್ತು. ಮೇಣ ಕರಗಿದ ವಾಸನೆ. ಕಣ್ಣು ಅರೆತೆರೆದಾಗ ಕಿಟಕಿಯ ಬೆಳಕಿನಲ್ಲಿ ಒಂದು ಬಿಳಿ ಬಟ್ಟೆ, ಅದರ ಮೇಲೆ ಹೋಗಿ ಬರುವ ಒಂದು ಕೈ, ಸುಂಯ್ ಎನ್ನುವ ಸದ್ದು. ಮನುಷ್ಯ ಕಾಣಲಿಲ್ಲ, ಕೈ ಮಾತ್ರ ಕಂಡಿತು. ನಮ್ಮ ಅಂಗಡಿಯೇ ತೇಲಿಕೊಂಡು ಸಮುದ್ರ ದಾಟಿ ಬಂದಿದೆ, ಹಗ್ಗಗಳೆಲ್ಲ ಈ ಊರಿನ ಮನೆಗಳ ನಡುವೆ ಕಟ್ಟಿವೆ ಎಂದು ಕನಸಾಯಿತು. ಆ ಕನಸಿನಲ್ಲಿ ನನಗೆ ತುಂಬ ಸುಖವಾಗಿತ್ತು.

ಬೆಳಿಗ್ಗೆ ನಾನು ತೊಟ್ಟದ್ದು ಅವರದೇ ಹಳೇ ಬಿಳಿ ಅಂಗಿ, ತೋಳು ಮಡಚಿ, ಮೊಣಕಾಲಿನವರೆಗೆ ಜೋಲುವ ಹಾಗೆ. ಅವರು ತಮ್ಮದನ್ನು ತೊಟ್ಟು ಗುಂಡಿ ಹಾಕಿಕೊಂಡರು. ನನ್ನ ಕಣ್ಣಿಗೆ ಈಜುವವರ ಕನ್ನಡಕ ಕಟ್ಟಿದರು.

“ಕೈ ಬಿಡಬೇಡ” ಎಂದರು. ಬೆಳಗಿನಿಂದ ಅವರಾಡಿದ ಮಾತು ಅದೊಂದೇ.

ಬೀದಿಗಿಳಿದರೆ ಎರಡೂ ಕಡೆ ಮಣ್ಣು ತುಂಬಿದ ದೊಡ್ಡ ದೊಡ್ಡ ತೊಟ್ಟಿಗಳು. ತಣ್ಣಗಿನ, ಬೆಣ್ಣೆಯಂಥ ಮಣ್ಣು. ಮೊದಲ ಹಿಡಿ ನನ್ನ ಬೆನ್ನಿಗೆ ಬಿದ್ದಾಗ ಮೈ ಜುಂ ಎಂದಿತು. ಯಾರೋ ಅಜ್ಜ ನನ್ನ ಎರಡೂ ಕೆನ್ನೆಗೆ ಮೆತ್ತಗೆ ಸವರಿ ಹೋದ. ಯಾರೋ ಹುಡುಗಿ ನನ್ನ ಕೂದಲಿಗೆ ಮೆತ್ತಿ, ತನ್ನ ತಲೆ ಬಗ್ಗಿಸಿ ನಿಂತಳು, ನಾನೂ ಮೆತ್ತಿದೆ. ಒಬ್ಬರಿಗೂ ಅವಸರವಿರಲಿಲ್ಲ. ನೀರಿನಡಿ ನಡೆಯುವವರ ಹಾಗೆ ಎಲ್ಲರೂ ನಿಧಾನ. ನಾನು ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡು, ಇಷ್ಟು ದೂರ ಬಂದದ್ದು ಇದಕ್ಕೇ ಎಂದುಕೊಂಡು, ನಮ್ಮವರ ಎದೆಗೆ ಒತ್ತಿದೆ.

ಮಣ್ಣು ನಿಲ್ಲಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿ ಕಾಲಬುಡಕ್ಕೆ ಬಿತ್ತು. ಮತ್ತೆ ಒತ್ತಿದೆ, ಮತ್ತೆ ಜಾರಿತು. ಅಂಗಿ ಬೆಳ್ಳಗೇ ಇತ್ತು. ಮುಟ್ಟಿ ನೋಡಿದೆ. ನಿನ್ನೆ ಮಧ್ಯಾಹ್ನದ ವಾಸನೆ ನೆನಪಾಯಿತು.

“ಮೇಣ ಸವರಿ ಇಸ್ತ್ರಿ ಹೊಡೆದಿದೀರಾ?”

ಅವರು ನನ್ನ ಕೈ ಹಿಡಿದುಕೊಂಡರು.

“ನನ್ನ ಅಂಗಿಗಿಲ್ಲ, ನಿಮ್ಮದಕ್ಕೆ ಮಾತ್ರ. ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಬಾರದು, ಅಲ್ವಾ? ಒಂದು ದಿನ, ನನಗೋಸ್ಕರ ಒಂದೇ ಒಂದು ದಿನ ಕೊಳೆಯಾಗೋಕೆ ಆಗಲಿಲ್ಲ ನಿಮಗೆ.”

“ಹಾಗಲ್ಲ ಕಣೇ…”

“ನಿಮ್ಮ ಅಂಗಿ ಜೋಪಾನ” ಎಂದು ಕೈ ಕೊಸರಿಕೊಂಡು ನಾನು ಜನರ ನಡುವೆ ನಡೆದೆ. ಸಿಟ್ಟಿಗೆ ಕಣ್ಣಿಲ್ಲ ಎನ್ನುತ್ತಾರೆ. ನನಗೆ ಮೊದಲೇ ಅರ್ಧ ಇರಲಿಲ್ಲ.

ಸ್ವಲ್ಪ ದೂರ ಹೋಗಿ ಸಿಟ್ಟು ಇಳಿದಾಗ ತಿರುಗಿ ನೋಡಿದೆ. ಎಲ್ಲ ನೀಲಿ. ಗೋಡೆ ನೀಲಿ, ನೆಲ ನೀಲಿ, ಮುಖಗಳು ನೀಲಿ. ಹೆಂಗಸು ಯಾರು, ಗಂಡಸು ಯಾರು, ಕಂಬ ಯಾವುದು, ಯಾವುದೂ ತಿಳಿಯದು. ನೋಡಬೇಕೆಂದು ಆಸೆಪಟ್ಟು ಬಂದ ಬಣ್ಣ ನನ್ನನ್ನೇ ನುಂಗಿಕೊಂಡು ನಿಂತಿತ್ತು. ನಮ್ಮವರನ್ನು ಕೂಗಿದೆ. ನೂರಾರು ಜನ ಅವರವರ ಭಾಷೆಯಲ್ಲಿ ಕೂಗುತ್ತಿದ್ದರು, ನನ್ನ ದನಿ ನನಗೇ ಕೇಳಲಿಲ್ಲ. ಮುಂದೆ ನನ್ನ ದಿನಗಳೆಲ್ಲ ಹೀಗೇ ಇರುತ್ತವೆ ಎಂದು ಆಗ ಗೊತ್ತಾಯಿತು. ಸುತ್ತ ಜನ ಇರುತ್ತಾರೆ, ಒಬ್ಬರೂ ಗುರುತು ಸಿಗುವುದಿಲ್ಲ. ನನಗೆ ಭಯವಾಯಿತು, ಮಗುವಿಗೆ ಆಗುವಂಥ ಭಯ. ಕೈಗೆ ಸಿಕ್ಕ ಒಂದು ಗೋಡೆಗೆ ಒರಗಿಕೊಂಡೆ.

ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದೆ. ಬೀದಿಯ ಆ ತುದಿಯಲ್ಲಿ, ಎಲ್ಲರ ತಲೆಗಳ ಮೇಲೆ, ಅಂಗೈಯಗಲದ ಒಂದು ಬಿಳಿ.

ಆ ಬಿಳಿ ಅಲುಗಾಡುತ್ತಿತ್ತು. ಎರಡು ತೋಳು ಎತ್ತಿ ಬೀಸುತ್ತಿತ್ತು. ಮಣ್ಣು ಖಾಲಿಯಾದ ತೊಟ್ಟಿಯೊಂದನ್ನು ಬೋರಲು ಹಾಕಿ ನಮ್ಮವರು ಅದರ ಮೇಲೆ ನಿಂತಿದ್ದರು. ಜನ ಹಿಡಿ ಹಿಡಿ ಮಣ್ಣು ಎಸೆಯುತ್ತಿದ್ದರು, ಒಂದೂ ನಿಲ್ಲದೆ ಜಾರುತ್ತಿತ್ತು. ನಾನು ಆ ಬಿಳಿಯ ಮೇಲೆ ಕಣ್ಣಿಟ್ಟು, ಒಬ್ಬರ ಹೆಗಲು, ಇನ್ನೊಬ್ಬರ ತೋಳು ಹಿಡಿಯುತ್ತ ಹೋದೆ. ದಾರಿ ಮುಗಿಯುವುದೇ ಇಲ್ಲ ಅನಿಸಿತು. ಕೊನೆಗೆ ತೊಟ್ಟಿಯ ಅಂಚು ನನ್ನ ಮೊಣಕಾಲಿಗೆ ತಗುಲಿತು.

ಅವರು ಇಳಿದು ನನ್ನ ಎರಡೂ ಭುಜ ಹಿಡಿದರು. ಉಸಿರು ಮೇಲಕ್ಕೆ ಕೆಳಕ್ಕೆ ಆಗುತ್ತಿತ್ತು. ಮುಖ, ಮೀಸೆ, ಕೂದಲು ಎಲ್ಲ ನೀಲಿ, ಅಂಗಿಯೊಂದೇ ಬಿಳಿ.

“ಕಾಣಿಸ್ತಾ?” ಎಂದರು.

“ಕಾಣಿಸ್ತು. ನೀವು ಮಾತ್ರ ಕಾಣಿಸಿದ್ರಿ.”

“ಅದಕ್ಕೇ ಕಣೇ ಮೇಣ ಹಾಕಿದ್ದು. ಎಲ್ಲರೂ ಒಂದೇ ಬಣ್ಣ ಆಗೋದು ಆ ಫೋನಲ್ಲೇ ನೋಡಿದ್ದೆ. ಮನೇಲಿ ಹೊದಿಕೆ ನಡುವೆ ನಾನು ನಿನಗೆ ಸಿಗಲ್ಲ. ಇಲ್ಲೂ ಸಿಗದೆ ಹೋದ್ರೆ?”

“ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು?”

“ಹೇಳಬೇಕಾದ್ರೆ ನಿನ್ನ ಕಣ್ಣಿನ ಮಾತು ಆಡಬೇಕಲ್ಲ. ನನ್ನ ಕೈಲಿ ಆಗಲಿಲ್ಲ.”

ನಾನು ಅತ್ತೆ. ಅವರೂ ಅತ್ತರು. ಯಾರೂ ಗಮನಿಸಲಿಲ್ಲ, ಆ ಬೀದಿಯಲ್ಲಿ ಎಲ್ಲರ ಮುಖದಿಂದಲೂ ಏನೋ ಒಂದು ಇಳಿಯುತ್ತಲೇ ಇತ್ತು. ಇವರ ಮೇಲೆ ನನಗೆ ಆಗ ಉಕ್ಕಿದ ಪ್ರೀತಿಯನ್ನು ಹೇಳಲು ನನಗೆ ಬರುವುದಿಲ್ಲ.

“ಪೂರ್ತಿ ಕಾಣದೆ ಹೋದಮೇಲೆ ಏನು ಮಾಡ್ತೀರಿ? ಆಗ ಬಿಳಿ ಅಂಗಿಯಿಂದ ಏನು ಪ್ರಯೋಜನ?”

ಅವರು ಒಂದೊಂದೇ ಗುಂಡಿ ಬಿಚ್ಚಿ, ಆ ಅಂಗಿಯನ್ನು ತೆಗೆದು ತೊಟ್ಟಿಯ ಮೇಲೆ ಎಸೆದರು. ಮಡಚಲೂ ಇಲ್ಲ. ನನ್ನ ಕೆಸರುಗೈಗಳನ್ನು ಹಿಡಿದು ತಮ್ಮ ಬರಿಯ ಎದೆಯ ಮೇಲೆ ಇಟ್ಟುಕೊಂಡರು.

“ಕೈಗೆ ಸಿಗೋ ಹಾಗೆ ಇರ್ತೀನಿ” ಎಂದರು. ಹಾಗೆಂದು ತಮ್ಮ ಎರಡೂ ಕೈಗಳನ್ನು ಪಕ್ಕದ ತೊಟ್ಟಿಯ ಮಣ್ಣಿನಲ್ಲಿ ಅದ್ದಿ ನನ್ನ ಹೆಗಲ ಮೇಲೆ ಒತ್ತಿದರು.

ಸಂಜೆ ಕೋಣೆಗೆ ಬಂದು ಸ್ನಾನ ಮಾಡಿದೆವು. ಮನೆಯೊಡತಿ ಒಗೆಯುವ ಬಟ್ಟೆಗೆಂದು ಬಾಗಿಲ ಬಳಿ ಬಕೆಟ್ ಇಟ್ಟು ಹೋಗಿದ್ದಳು. ನಾನು ತೊಟ್ಟಿದ್ದ ಅಂಗಿ ಕುರ್ಚಿಯ ಮೇಲೆ ಒಣಗಿತ್ತು. ಹೆಗಲ ಹತ್ತಿರ ಮಣ್ಣು ದಪ್ಪಗೆ ಅಂಟಿ, ಎರಡು ಅಂಗೈಯ ಅಚ್ಚು, ಬೆರಳುಗಳ ಸಮೇತ, ನಾನು ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತಿತ್ತು. ನಮ್ಮವರು ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಬೆರಳಿನಿಂದ ಉಜ್ಜಿದರು, ಮೂಸಿದರು.

“ರೀ” ಎಂದೆ, “ಹೋಗುತ್ತಾ ಇದು?”

ಅವರು ಅಂಗಿಯನ್ನು ಕೆಳಗಿಳಿಸಿದರು. ಈ ಸಲ ನನ್ನ ಮುಖವನ್ನೇ ನೋಡಿದರು.

“ಇಲ್ಲ ಕಣೇ. ಇದು ಹೋಗಲ್ಲ.”

ನದಿಯ ಮಣ್ಣು ತಣ್ಣೀರಿಗೆ ಹೋಗುತ್ತದೆ, ಸೋಪೂ ಬೇಡ. ಇಷ್ಟು ವರ್ಷ ಆ ಅಂಗಡಿಯಲ್ಲಿದ್ದ ನನಗೆ ಅಷ್ಟೂ ತಿಳಿಯದೇ? ಆದರೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಾನು ಬಕೆಟ್ಟನ್ನು ಹೊರಗೆ ಸರಿಸಿದೆ. ಇಬ್ಬರೂ ಸೇರಿ ಅಂಗಿಯನ್ನು ಮಣ್ಣು ಉದುರದ ಹಾಗೆ ಮಡಚಿ, ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿಟ್ಟೆವು.